ಹರಳುಗಟ್ಟದ ಪಾಕ

"ಎರಡೂ ಕೈ ಮುಂದಕ್ಕೆ ಚಾಚಿ ಚಲುವರಾಜಣ್ಣ. ಬಸ್ಸು ನಿಲ್ಸೋಕೆ ಅಡ್ಡ ಹಿಡೀತೀರಲ್ಲ, ಅಂಗೆ," ಅಂದಳು ಪ್ರಮೀಳಾ.

ಕೆ.ಆರ್. ಪೇಟೆಯ ನರ್ಸಿಂಗ್ ಹೋಮಿನ ಮಂಚದ ಮೇಲೆ ಕೂತಿದ್ದ ಚಲುವರಾಜು ಕೈ ಚಾಚಿದ. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ಉಬ್ಬಿತ್ತು, ತೋಳು ಮಾತ್ರ ಕಡ್ಡಿ. ಒಂದು ಗಳಿಗೆ ಅಂಗೈ ನೆಟ್ಟಗೆ ನಿಂತಿತು. ಆಮೇಲೆ ತಟಕ್ಕನೆ ಕೆಳಕ್ಕೆ ಬಿತ್ತು, ಮೇಲೆದ್ದಿತು, ಮತ್ತೆ ಬಿತ್ತು. ಕೋಳಿ ರೆಕ್ಕೆ ಬಡಿದ ಹಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಪೇದೆ ಜವರಪ್ಪ ಕಿಸಕ್ಕನೆ ನಕ್ಕ. "ಎಣ್ಣೆ ಇಲ್ದೆ ನಡುಗ್ತಾವ್ನೆ ಕಣ್ ಮೇಡಂ. ಒಂದು ಕ್ವಾಟ್ರು ಬುಟ್ರೆ ಸರಿ ಓಯ್ತಾನೆ."

ಸಬ್‌ಇನ್ಸ್‌ಪೆಕ್ಟರ್ ಪ್ರಮೀಳಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟು ವರ್ಷ ಸರ್ವೀಸು ಮಾಡಿದ ಮನುಷ್ಯನಿಗೆ ನಡುಗುವ ಕೈಗೂ ಬೀಳುವ ಕೈಗೂ ವ್ಯತ್ಯಾಸ ಗೊತ್ತಿಲ್ಲ. ಅವಳಿಗೂ ಅದು ಗೊತ್ತಾದದ್ದು ಅರ್ಧ ಗಂಟೆಯ ಹಿಂದೆ, ಡಾಕ್ಟರು ಹೇಳಿದ ಮೇಲೆ. ಆದರೆ ಇನ್ನೊಬ್ಬರನ್ನು ಕೀಳಾಗಿ ನೋಡುವುದಕ್ಕೆ ಪ್ರಮೀಳಾಳಿಗೆ ಅರ್ಧ ಗಂಟೆ ಧಾರಾಳವಾಗಿ ಸಾಕಿತ್ತು.

ಮೂರು ದಿನದ ಹಿಂದೆ ಬೆಳಿಗ್ಗೆ, ಶೀಳನೆರೆ ಹೋಬಳಿಯ ಬೇಲದಕೊಪ್ಪಲಿನಲ್ಲಿ, ಹಾಲಿನ ಡೈರಿ ಕಾರ್ಯದರ್ಶಿ ನಾಗರಾಜು ನಾಲೆಯ ತೂಬಿನ ಬಳಿ ತಲೆ ಒಡೆದು ಹೆಣವಾಗಿ ಸಿಕ್ಕಿದ್ದ. ಏರಿಯ ಮೇಲೆ ಕೂತಿದ್ದ ಚಲುವರಾಜು 'ನಾನೇ ನೂಕ್ದೆ' ಅಂದಿದ್ದ.

ಕೊಪ್ಪಲಿನ ಜನ ಕೇಸನ್ನು ಅಲ್ಲೇ, ತೂಬಿನ ಹತ್ತಿರವೇ ಮುಗಿಸಿದ್ದರು. ಕುಡುಕ ನೂಕಿದ, ಪಾಪದವನು ಸತ್ತ, ಇದಕ್ಕೆ ಪೊಲೀಸರು ಬೇರೆ ಯಾಕೆ ಬೇಕು. ಚಲುವರಾಜು ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವನಲ್ಲ, ಹಳೇ ಕಾಮಾಲೆಯಿಂದ ಲಿವರು ಹಾಳಾಗಿದೆ ಎಂದು ಅವನ ಹೆಂಡತಿ ಅತ್ತು ಹೇಳಿದರೂ ಯಾರೂ ಸೊಪ್ಪು ಹಾಕಲಿಲ್ಲ. ತೂರಾಡುವವನೆಲ್ಲ ಕುಡುಕ. ಕೊಪ್ಪಲಿನವರಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಅಷ್ಟೇ, ಅದೂ ಪುಕ್ಕಟೆ.

ನಿನ್ನೆ ಠಾಣೆಯ ಬೆಂಚಿನ ಮೇಲೆ ಅವನು ಕಣ್ಣು ಮೇಲೆ ಮಾಡಿದಾಗ ಪ್ರಮೀಳಾಳೇ ಎತ್ತಿಸಿಕೊಂಡು ಬಂದು ಇಲ್ಲಿ ಸೇರಿಸಿದ್ದಳು.

"ಚಲುವರಾಜಣ್ಣ, ನಾಗರಾಜನ್ನ ನೂಕ್ದೋರು ಯಾರು?"

"ನಾನೇಯ."

ಜವರಪ್ಪ ಕೇಸು ತಾನೇ ಗೆದ್ದವನಂತೆ ಎದೆ ಉಬ್ಬಿಸಿದ.

"ಗೋವಿಂದನಹಳ್ಳಿ ಪಂಚಲಿಂಗೇಶ್ವರನ ಗುಡಿ ಕಟ್ದೋರು ಯಾರು?"

ಚಲುವರಾಜು ಯೋಚನೆ ಮಾಡಿದ. ನಾಲಿಗೆ ಹೊರಳಲು ಹೊತ್ತು ಹಿಡಿಯಿತು. "ನಾನೇಯ. ಐದು... ಐದು ಲಿಂಗ. ಕಲ್ಲು ಸಾಗ್ಸಿ ಸಾಗ್ಸಿ ಸಾಕಾಗೋಯ್ತು."

"ಕನ್ನಂಬಾಡಿ ಕಟ್ಟೆ?"

"ಅದೂ ನಾನೇಯ."

"ಬರ್ಕೊಳಿ ಜವರಪ್ಪ," ಅಂದಳು ಪ್ರಮೀಳಾ. "ಕೊಲೆ ಒಂದು, ಗುಡಿ ಒಂದು, ಅಣೆಕಟ್ಟೆ ಒಂದು. ಮೂರಕ್ಕೂ ಸೇರ್ಸಿ ಒಂದೇ ಚಾರ್ಜ್‌ಶೀಟು ಹಾಕಿ, ಪೇಪರ್ ಉಳೀತದೆ."

ಜವರಪ್ಪನ ಎದೆ ಮೊದಲಿನ ಅಳತೆಗೆ ಇಳಿಯಿತು.

ಡಾಕ್ಟರ್ ಶ್ರೀನಿವಾಸಮೂರ್ತಿ ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಬಂದರು. ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು; ಮಾತು ಈಗಲೂ ಮಂತ್ರ ಹೇಳಿದ ಹಾಗೆ ಒಂದೇ ರಾಗದಲ್ಲಿ ಬರುತ್ತಿತ್ತು. ಅರ್ಧ ಗಂಟೆಯ ಹಿಂದೆ ಹೇಳಿದ್ದನ್ನೇ ಜವರಪ್ಪನಿಗಾಗಿ ಇನ್ನೊಮ್ಮೆ ಹೇಳಿದರು.

"ಕರುಳಲ್ಲಿ ಹುಟ್ಟೋ ವಿಷಾನ ಲಿವರು ಸೋಸಬೇಕು ಕಣಪ್ಪ. ಇವರ ಲಿವರು ಗಟ್ಟಿಯಾಗಿ ಹೋಗಿದೆ, ಸೋಸಲ್ಲ. ಆ ವಿಷ ರಕ್ತದ ಜೊತೆ ಮಿದುಳಿಗೆ ಹತ್ತುತ್ತೆ. ಮೊದಲು ಹಗಲು ನಿದ್ದೆ, ರಾತ್ರಿ ಎಚ್ಚರ. ಆಮೇಲೆ ಮರೆವು, ತೊದಲು, ಕೈ ಹೀಗೆ ಬೀಳೋದು. ಕೊನೆಗೆ ಎಚ್ಚರವೇ ತಪ್ಪತ್ತೆ. ನಡುವೆ ಈ ಸ್ಥಿತೀಲಿ ಏನು ಕೇಳಿದ್ರೂ ಹೂಂ ಅನ್ನೋರು ಇದಾರೆ."

"ವಾಸಿ ಆಗಲ್ವಾ?" ಅಂದಳು ಪ್ರಮೀಳಾ.

"ಲಿವರು ಆಗಲ್ಲ. ತಲೆ ತಿಳಿಯಾಗತ್ತೆ. ಅದಕ್ಕೊಂದು ಸಿಹಿ ಸಿರಪ್ಪು ಇದೆ. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಕಳೀಬೇಕು, ವಿಷ ಅದರಲ್ಲೇ ಹೋಗತ್ತೆ. ನಿನ್ನೆಯಿಂದ ಶುರು ಮಾಡಿದೀನಿ. ನಾಳೆ ಸಂಜೆ ಹೊತ್ತಿಗೆ ಮನುಷ್ಯ ಮಾತಿಗೆ ಸಿಗಬಹುದು."

"ಅದೇ ಸಿರಪ್ಪನ್ನ ಮನೇಲಿ ಬೆಳಿಗ್ಗೆ ಸಾಯಂಕಾಲ ಹುಯ್ದು ಕುಡಿಸಿದೀನಿ ಅಂತಾಳೆ ಹೆಂಡ್ತಿ."

"ಕುಡಿಸಿದ್ರೆ ಇವರು ಇಲ್ಲಿರ್ತಿರಲಿಲ್ಲ ಮೇಡಂ."

ಪ್ರಮೀಳಾ ಮಂಚದ ಪಕ್ಕದ ಬಾಟಲಿ ತೆಗೆದು, ಮುಚ್ಚಳಕ್ಕೆ ಒಂದಿಷ್ಟು ಸುರಿದು ನಾಲಿಗೆಗೆ ಹಚ್ಚಿಕೊಂಡಳು. ಡಾಕ್ಟರು ಗಾಬರಿಯಿಂದ ನೋಡಿದರು. ಮಂಕು ಸಿಹಿ, ಬಾಯಿಗೆ ಅಂಟುತ್ತಿತ್ತು, ನಾಲಿಗೆಗೆ ಹಿಡಿಸುತ್ತಿರಲಿಲ್ಲ. ಆ ರುಚಿಯನ್ನು ನೆನಪಿಟ್ಟುಕೊಂಡಳು.

ಹೊರಗೆ ಬರುವಷ್ಟರಲ್ಲಿ ಸರ್ಕಲ್ ಸಾಹೇಬರ ಫೋನು. "ಒಪ್ಕೊಂಡಿದಾನಲ್ಲಮ್ಮ, ಇನ್ನೇನು ಕಡೀತಾ ಇದೀಯ ಅಲ್ಲಿ? ಡಿಸ್ಚಾರ್ಜ್ ಆದ ತಕ್ಷಣ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಸಿ ಒಳಕ್ಕೆ ಕಳಿಸು."

ಒಳಕ್ಕೆ ಹೋದರೆ ಚಲುವರಾಜು ಉಳಿಯುವುದಿಲ್ಲ. ಅಲ್ಲಿ ಯಾರು ಹೊತ್ತು ಹೊತ್ತಿಗೆ ಸಿರಪ್ಪು ಕೊಡುತ್ತಾರೆ, ಯಾರು ಅವನನ್ನು ದಿನಕ್ಕೆ ಮೂರು ಸಲ ಎಬ್ಬಿಸಿ ಕರೆದೊಯ್ಯುತ್ತಾರೆ? ಗುಡಿ ಕಟ್ಟಿದೆ ಎನ್ನುವವನ ಬಾಯಿಮಾತಿನ ಮೇಲೆ ಒಬ್ಬ ಮನುಷ್ಯ ಸಾಯಬೇಕು. ಸಾಹೇಬರಿಗೆ ಊಟದ ಹೊತ್ತಿನೊಳಗೆ ಫೈಲು ಮುಚ್ಚಿದರೆ ಆಯಿತು. ಪ್ರಮೀಳಾ "ಸರಿ ಸರ್" ಅಂದು ಫೋನಿಟ್ಟು, ಜೀಪನ್ನು ಬೇಲದಕೊಪ್ಪಲಿನ ದಾರಿಗೆ ತಿರುಗಿಸಿದಳು.

ಚಲುವರಾಜುವಿನ ನಡುಮನೆಯಲ್ಲಿ, ಟಿವಿಯ ಮೇಲೂ ಕಿಟಕಿಯ ಮೇಲೂ ಬ್ರೆಡ್ಡಿನ ಪೊಟ್ಟಣಗಳು, ಸೇಬಿನ ಕವರುಗಳು ಬಿಚ್ಚದೆ ಕೂತಿದ್ದವು. ರೋಗಿಯನ್ನು ನೋಡಲು ಬಂದವರು ತಂದದ್ದು. ಹೊರಗೆ ಕುಡುಕ ಅನ್ನುವುದು, ಒಳಗೆ ಬಂದು ಬ್ರೆಡ್ಡು ಕೊಡುವುದು. ಈ ಊರಿನ ಮರ್ಯಾದೆಯೆಲ್ಲ ಆ ಪೊಟ್ಟಣದಷ್ಟೇ ಮೆತ್ತಗೆ ಎಂದುಕೊಂಡಳು ಪ್ರಮೀಳಾ.

ಚಲುವರಾಜುವಿನ ಹೆಂಡತಿ ಮಾಯಮ್ಮ ಕಂಬಕ್ಕೆ ಒರಗಿ ಅಳುತ್ತಿದ್ದಳು. ನಾಗಮಂಗಲದ ಕಡೆಯವಳು, ಹೊಣಕೆರೆಯಿಂದ ಬಂದ ಸೊಸೆ. ಪ್ರತಿ ಮಾತಿಗೂ ಸೆರಗು ಕಣ್ಣಿಗೆ ಹೋಗುತ್ತಿತ್ತು. ಅಳುವವರನ್ನು ಪ್ರಮೀಳಾ ಅನುಮಾನದಿಂದ ಮೊದಲೇ ಬಿಟ್ಟುಬಿಡುತ್ತಿದ್ದಳು. ಕೊಲೆ ಮಾಡುವಷ್ಟು ತಲೆ ಇದ್ದವರು ಹೀಗೆ ಅಳುತ್ತ ಕೂರುವುದಿಲ್ಲ ಎಂಬುದು ಅವಳ ಲೆಕ್ಕ.

"ಸಾಕು, ಕಣ್ಣು ಒರೆಸ್ಕೊಳಿ. ಆ ದಿನ ಬೆಳಿಗ್ಗೆ ನೀವೆಲ್ಲಿದ್ರಿ?"

"ಮನೇಲೇ ಕಣವ್ವ. ಯಾರೋ ಓಡ್ಬಂದು ಯೋಳುದ್ರು. ನಾನು ನಾಲೆತಾವ್ಕೆ ಓಗೋ ಒತ್ಗೆ ಊರೇ ನೆರ್ದಿತ್ತು."

"ಸಿರಪ್ಪು ತಪ್ಪಿಸಿದ್ರಾ?"

"ಆ ದ್ಯಾವ್ರಾಣೆ ಇಲ್ಲ. ನನ್ ಕೈಯಾರ ಹುಯ್ದು ಕುಡುಸ್ದೆ. ಈ ಸಲ ವಸಿ ವಾಸಿ ಅಂತ್ಲೇ ಅನ್ಕಂಡಿದ್ದೆ. ಒಟ್ಟೆ ಕಟ್ಕತ್ತು. ಒಂದ್ ವಾರದಿಂದ ಆಚ್ಗೆ ಓಗಿದ್ದೇ ಇಲ್ಲ."

ಹೊಟ್ಟೆ ಕಟ್ಟಿದ್ದನ್ನು ವಾಸಿ ಎಂದುಕೊಂಡಿದ್ದಾಳೆ. ವಿಷ ಒಳಗೇ ನಿಂತು ತಲೆಗೆ ಏರುತ್ತಿದ್ದರೆ ಈಕೆ ಖುಷಿಪಟ್ಟಿದ್ದಾಳೆ. ಪ್ರಮೀಳಾ ಹಲ್ಲು ಕಚ್ಚಿಕೊಂಡಳು.

"ಮುಂಚೆ ಯಾವತ್ತಾದ್ರೂ ಇಂಗಾಗಿತ್ತಾ?"

ಮಾಯಮ್ಮ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆಗಿತ್ತು. ಅದ್ ನನ್ ತೆಪ್ಪೇ."

ಕತೆ ಇಷ್ಟು. ಚಲುವರಾಜುವಿನ ತಮ್ಮ ಶಿವಶಂಕರನ ಮಗಳು ತನುಶ್ರೀಗೆ ನಾಗಮಂಗಲದ ಒಂದು ಛತ್ರದಲ್ಲಿ ನಿಶ್ಚಿತಾರ್ಥ. ಮನೆಯ ಹಿರಿಯ ಮೊದಲ ಪಂಕ್ತಿಯ ತುದಿಯಲ್ಲಿ ಕೂರಬೇಕು. ಎಲ್ಲರ ಊಟ ಮುಗಿಯುವವರೆಗೆ ಎಲೆ ಬಿಟ್ಟು ಏಳಬಾರದು. ಎದ್ದರೆ ಬೀಗರಿಗೆ ಅವಮಾನ. ಸಿರಪ್ಪು ಕುಡಿದ ಮನುಷ್ಯ ಎದ್ದು ಓಡದೆ ಇರುತ್ತಾನೆಯೆ? ಅದಕ್ಕೆ ಮಾಯಮ್ಮ ಮೊದಲೇ ಸಿರಪ್ಪು ನಿಲ್ಲಿಸಿದಳು. ಪಂಕ್ತಿ ಮುಖ್ಯ, ಪ್ರಾಣ ಆಮೇಲೆ.

"ಕುಂತಿದ್ರು ಕಣವ್ವ, ಸುಮ್ನೆ ಕುಂತಿದ್ರು. ಜಾಮೂನು ಬಡ್ಸೋ ಒತ್ತು. ಐನೂರು ಜನುಕ್ಕೆ ಪಾಕ ನಾನೇ ಹಿಡ್ದಿದ್ದೆ, ಒಂದ್ ಅರಳು ಕಟ್ನಿಲ್ಲ. ಇವ್ರು ಇದ್ದಕ್ಕಿದ್ದಂಗೆ ಎದ್ದು, ಸಾರಿನ ಬಕೇಟ್ಗೆ ಕೈ ಅದ್ದಿ ತೊಳ್ಕಂಡ್ಬುಟ್ರು."

ಜವರಪ್ಪ ನಗು ತಡೆಯಲು ಗೋಡೆಯ ಕಡೆ ತಿರುಗಿಕೊಂಡ.

"ಗಂಡಿನ್ ಕಡ್ಯೋರು ಕುಡ್ದವ್ನೆ ಅಂದ್ರು. ಶಂಕ್ರಪ್ಪ ಎಲ್ರ್ ಮುಂದೆ ಅಣ್ಣನ್ ರಟ್ಟೆ ಹಿಡ್ದು ಆಚೆ ತಳ್ದ. ಸಂಬಂಧ ಮುರ್ದೋಯ್ತು. ಆವತ್ತಿಂದ ಈ ಒಸ್ಲು ತುಳ್ದಿಲ್ಲ ಅವ್ನು."

"ಸಿರಪ್ಪು ನಿಲ್ಸಿದ್ದಕ್ಕೆ ಇಂಗಾಯ್ತು ಅಂತ ಅವ್ನಿಗೆ ಹೇಳುದ್ರಾ?"

"ಕಾಲಿಗ್ ಬಿದ್ದು ಯೋಳ್ದೆ. ಕುಡ್ದಿಲ್ಲ ಕಣಪ್ಪ, ನಾನೇ ಔಷ್ದಿ ನಿಲ್ಸ್ಬುಟ್ಟೆ ಅಂದೆ. ಕೇಳ್ಕಂಡ. ಎದ್ದೋದ."

ಕೇಳಿಸಿಕೊಂಡ. ಪ್ರಮೀಳಾಗೆ ಬೇಕಾಗಿದ್ದದ್ದು ಆ ಒಂದು ಮಾತು. ಸಿರಪ್ಪು ನಿಂತರೆ ಅಣ್ಣನ ತಲೆ ಕೆಡುತ್ತದೆ ಎಂಬುದು ತಮ್ಮನಿಗೆ ಗೊತ್ತು.

ದೇವರ ಪಟದ ಪಕ್ಕದ ಗೂಡಿನಿಂದ ಮಾಯಮ್ಮ ಬಾಟಲಿ ತಂದು ಕೊಟ್ಟಳು. ಅದೇ ಲೇಬಲ್ಲು, ಅದೇ ತಿಳಿ ಹಳದಿ ಬಣ್ಣ. ಪ್ರಮೀಳಾ ಬೆರಳಿಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು.

ಇದು ಬೇರೆ. ಮಂಕು ಸಿಹಿಯಲ್ಲ, ಗಂಟಲು ಕೊರೆಯುವ ಸಿಹಿ. ಪಾಂಡವಪುರದ ಹತ್ತಿರ ಅವಳ ಅಪ್ಪನದು ಆಲೆಮನೆ. ಲಂಗ ಹಾಕುವ ವಯಸ್ಸಿನಿಂದ ಕೊಪ್ಪರಿಗೆಯ ಅಂಚು ನೆಕ್ಕಿ ಬೆಳೆದವಳು. ಇದು ಔಷಧಿಯಲ್ಲ, ಸಕ್ಕರೆ ಪಾಕ. ಕೊನೆಗೆ ನಾಲಿಗೆಯ ತುದಿಗೆ ಸಣ್ಣಗೆ ಹುಳಿ ಹತ್ತಿತು. ಸೆಕೆಗೆ ಹುಳಿತಿರಬೇಕು ಎಂದು ಅದನ್ನು ಅಲ್ಲಿಗೇ ಬಿಟ್ಟಳು.

"ಏನಾಯ್ತವ್ವ?" ಅಂದಳು ಮಾಯಮ್ಮ.

"ಏನಿಲ್ಲ. ಈ ಬಾಟಲಿ ನಮ್ಮ ಹತ್ರ ಇರ್ಲಿ."

ಇನ್ನು ಪಾಕ ಎಲ್ಲಿಂದ ಬಂತು ಎಂದು ಹುಡುಕುತ್ತ ಅಲೆಯಬೇಕಾಗಿರಲಿಲ್ಲ. ಹಾಲಿಗೆ ಬರೀ ನೀರು ಬೆರೆಸಿದರೆ ಹಾಲಿನ ಗಟ್ಟಿತನ ಅಳೆಯುವ ಡೈರಿಯ ಲ್ಯಾಕ್ಟೋಮೀಟರು ಚಾಡಿ ಹೇಳುತ್ತದೆ. ನೀರಿನ ಜೊತೆ ಸಕ್ಕರೆ ಪಾಕ ಬೆರೆಸಿದರೆ ಅದರ ಬಾಯಿ ಮುಚ್ಚುತ್ತದೆ. ಸಾಯುವ ಹಿಂದಿನ ದಿನ ಕಾರ್ಯದರ್ಶಿ ನಾಗರಾಜು ಎಲ್ಲರ ಎದುರಿಗೆ ಕಲಬೆರಕೆ ಎಂದು ಶಿವಶಂಕರನ ಹಾಲಿನ ಕ್ಯಾನನ್ನು ಮೋರಿಗೆ ಸುರಿದಿದ್ದ. ಇಡೀ ಊರು ನೋಡಿತ್ತು. ಇಡೀ ಊರು ಮರೆತೂ ಬಿಟ್ಟಿತ್ತು, ಯಾಕೆಂದರೆ ಶಿವಶಂಕರ ಕುಡುಕನಲ್ಲ.

ಮಾರನೆಯ ದಿನ ಮಧ್ಯಾಹ್ನ ಪ್ರಮೀಳಾ ಶಿವಶಂಕರನ ಕೊಟ್ಟಿಗೆಗೆ ಹೋದಳು. ದಾರಿಯುದ್ದಕ್ಕೂ ಅವನ ಫ್ಲೆಕ್ಸುಗಳು. ಯುಗಾದಿಗೆ ಶುಭಾಶಯ, ಗಣೇಶನಿಗೆ ಶುಭಾಶಯ, ಯಾರೋ ಗೆದ್ದದ್ದಕ್ಕೆ ಶುಭಾಶಯ. ಎಲ್ಲದರಲ್ಲೂ ಕೈ ಮುಗಿದು ನಿಂತ ಅದೇ ಮುಖ. ಎದುರಿಗೆ ಸಿಕ್ಕವನು ಕೈ ಮುಗಿಯಲಿಲ್ಲ. ಬಿಳಿ ಪ್ಯಾಂಟು, ಬಿಳಿ ಶರಟು, ಸಗಣಿಯ ನಡುವೆ ಬಿಳಿ ಚಪ್ಪಲಿ.

"ಬನ್ನಿ ಮೇಡಂ. ನಮ್ಮಣ್ಣ ಒಳಕ್ ಓಗೋದು ಯಾವತ್ತಿಗೆ?"

"ಅಷ್ಟು ಅವಸರವಾ?"

"ಅವಸರ ಏನಿಲ್ಲ. ಕುಡುಕ್ರನ್ನ ಊರಲ್ಲಿ ಬುಟ್ಕಂಡ್ರೆ ನಾಳೆ ಇನ್ನೊಬ್ನ್ನ ನೂಕ್ತಾನೆ."

"ಕುಡುಕ ಅಲ್ಲ ಅಂತ ನಿಮ್ಗೆ ಚೆನ್ನಾಗಿ ಗೊತ್ತು. ನಿಮ್ಮತ್ತಿಗೆ ಕಾಲಿಗೆ ಬಿದ್ದು ಹೇಳವ್ರೆ."

ಶಿವಶಂಕರ ಮೂಗು ಮುರಿದ. "ಹೆಂಗುಸ್ರು ನೂರು ಯೋಳ್ತಾರೆ."

"ನಾಲೆ ಏರಿ ಮೇಲೆ ನಿಮ್ಮಣ್ಣನ್ನ 'ನೀನೇ ನೂಕ್ದಾ' ಅಂತ ಮೊದ್ಲು ಕೇಳಿದ್ದು ಯಾರು?"

"ನಾನೇ ಕೇಳ್ದೆ. ತೆಪ್ಪಾ?"

"ತಲೆ ನೆಟ್ಟಗಿಲ್ಲದೋನ್ನ ಹತ್ತು ಜನರ ಮುಂದೆ ಅಂಗೆ ಕೇಳಿದ್ರೆ ಹೂಂ ಅಂತಾನೆ ಅಂತ ಗೊತ್ತಿತ್ತು. ತಲೆ ಕೆಡಿಸಿದ್ದೂ ನೀವೇ ಆದ್ದರಿಂದ ಇನ್ನೂ ಚೆನ್ನಾಗಿ ಗೊತ್ತಿತ್ತು." ಪ್ರಮೀಳಾ ಚೀಲದಿಂದ ಬಾಟಲಿ ತೆಗೆದು ಮೇವಿನ ಕಟ್ಟೆಯ ಮೇಲಿಟ್ಟಳು. "ನಿಮ್ಮಣ್ಣನ ಔಷಧಿ. ಒಳಗಿರೋದು ಸಕ್ಕರೆ ಪಾಕ. ಈ ಊರಲ್ಲಿ ದಿನಾ ಕ್ಯಾನುಗಟ್ಲೆ ಪಾಕ ಕಾಯ್ಸೋ ಮನೆ ಒಂದೇ."

ಶಿವಶಂಕರ ಬಾಟಲಿಯನ್ನು ನೋಡಿದ. ಹೆದರಬೇಕಾಗಿತ್ತು, ಹೆದರಲಿಲ್ಲ. ಮುಚ್ಚಳ ತೆಗೆದು, ಕಿರುಬೆರಳು ಅದ್ದಿ, ಬಾಯಿಗಿಟ್ಟು ಚಪ್ಪರಿಸಿದ. ಆಮೇಲೆ ನಿಧಾನವಾಗಿ ನಕ್ಕ. ಆ ನಗು ಕಂಡು ಪ್ರಮೀಳಾಗೆ ಮೈ ಉರಿದುಹೋಯಿತು.

"ನೀವು ಆಲೆಮನ್ಯೋರ ಮಗಳಂತಲ್ಲ ಮೇಡಂ."

"ಅದಕ್ಕೇ ಪಾಕ ಅಂತ ಗೊತ್ತಾಯ್ತು."

"ಪಾಕ ಅಂತ ಗೊತ್ತಾಯ್ತು. ಉಳಿ ಗೊತ್ತಾಗ್ನಿಲ್ವಾ? ಇದ್ರಲ್ಲಿ ನಿಂಬೆಹಣ್ಣು ಹಿಂಡವ್ರೆ."

ಪ್ರಮೀಳಾ ಬಾಟಲಿಯತ್ತ ಬಗ್ಗಿ ಮೂಸಿ ನೋಡಿದಳು.

"ಬನ್ನಿ ಇಲ್ಲಿ," ಅಂದು ಶಿವಶಂಕರ ಕೊಟ್ಟಿಗೆಯ ಮೂಲೆ ತೋರಿಸಿದ. ಗೋಣಿಚೀಲ ಸರಿಸಿದರೆ ಕೆಳಗೆ ಪ್ಲಾಸ್ಟಿಕ್ ಡ್ರಮ್ಮು. ಅಂಚಿನ ಸುತ್ತ ಪಾಕ ಹರಳುಗಟ್ಟಿ, ಕಲ್ಲುಸಕ್ಕರೆಯ ಹಾಗೆ ಗಟ್ಟಿ ಕೂತಿತ್ತು. "ನಮ್ದು ಇದು. ದಿನಾ ಇಂಗೇ ಅರಳು ಕಟ್ತದೆ, ದಿನಾ ಕೆರ್ಕತೀವಿ. ಅರಳು ಕಟ್ಬಾರ್ದು ಅಂದ್ರೆ ನಿಂಬೆ ಉಳಿ ಬುಡ್ಬೇಕು. ಉಳಿ ಬುಟ್ಟ ಪಾಕಾನ ಹಾಲ್ಗೆ ಹುಯ್ದ್ರೆ ಏನಾಯ್ತದೆ ಮೇಡಂ?"

ಹಾಲು ಒಡೆಯುತ್ತದೆ. ಅದನ್ನು ಹೇಳಲು ಆಲೆಮನೆಯ ಮಗಳೇ ಬೇಕಾಗಿರಲಿಲ್ಲ, ಕಾಫಿ ಕಾಯಿಸಿದ ಯಾರು ಬೇಕಾದರೂ ಹೇಳುತ್ತಾರೆ.

"ಹಾಲ್ಗೆ ನೀರು ಹಾಕ್ತೀನಿ, ಒಪ್ಕಂಡೆ. ಯಾರ್ ಹಾಕಲ್ಲ? ಕೇಸ್ ಹಾಕಿ, ದಂಡ ಕಟ್ತೀನಿ," ಅಂದ ಶಿವಶಂಕರ, ಬೆರಳನ್ನು ಶರಟಿಗೆ ಒರೆಸದೆ ಎಮ್ಮೆಯ ಬೆನ್ನಿಗೆ ಒರೆಸುತ್ತ. "ಆದ್ರೆ ನಮ್ಮಣ್ಣನ ಬಾಟ್ಲಿಗೆ ನಾನು ಕೈ ಆಕಿಲ್ಲ. ಆ ಮನೆ ಒಸ್ಲೇ ತುಳ್ದಿಲ್ಲ, ಅತ್ತಿಗೇನೇ ಕೇಳಿ. ಹಾಲಿನ್ ದುಡ್ಡಿಗೆ ನಾಗರಾಜನ್ ಜೊತೆ ತಿಂಗ್ಳಿಂದ ಜಗಳ ಆಡ್ತಿದ್ದೋರೂ ಅತ್ತಿಗೇನೇ. ಇನ್ನೊಂದ್ ಮಾತು. ನಾನು ನಾಲೆತಾವ್ಕೆ ಓಗೋ ಒತ್ಗೆ ಅಲ್ಲಿ ಬೇರೆ ಯಾರೂ ಇರ್ನಿಲ್ಲ. ಅಣ್ಣ ಇದ್ದ, ಪಕ್ಕದಲ್ಲಿ ಅತ್ತಿಗೆ ಕುಂತಿದ್ರು. ಅವ್ನ ಕಿವೀಲಿ ಏನೋ ಯೋಳ್ತಿದ್ರು."

"ಸುಳ್ಳು. ಅವ್ರು ಬರೋ ಹೊತ್ತಿಗೆ ಊರೇ ನೆರೆದಿತ್ತು."

"ಅಂಗಂತ ಯೋಳುದ್ದು ಯಾರು?"

ಹೇಳಿದವಳು ಅಳುತ್ತಿದ್ದವಳು. ಪ್ರಮೀಳಾ ಬಾಟಲಿಯನ್ನು ಎತ್ತಿಕೊಂಡಳು. ಒಬ್ಬ ಹಾಲುಗಳ್ಳನಿಂದ ಪಾಠ ಹೇಳಿಸಿಕೊಂಡ ಅವಮಾನ ಬೇರೆ. ಇವನ ಮಾತನ್ನು ನಂಬುವುದೆಂದರೆ ಮೋರಿಯ ನೀರು ಕುಡಿದ ಹಾಗೆ. ಆದರೂ ನಾಲಿಗೆಯ ತುದಿಯಲ್ಲಿ ನಿನ್ನೆಯ ಆ ಸಣ್ಣ ಹುಳಿ ಈಗ ಮತ್ತೆ ಹತ್ತಿದಂತಾಯಿತು.

ಜೀಪು ಹತ್ತುವಾಗ ಡಾಕ್ಟರ ಫೋನು ಬಂತು. "ಮೇಡಂ, ಚಲುವರಾಜು ತಿಳಿಯಾಗಿದಾರೆ. ನಾನು ಯಾರು ಅಂತ ಗುರುತು ಹಿಡಿದ್ರು. ಪೊಲೀಸ್ನೋರು ಎಲ್ಲಿ ಅಂತ ಕೇಳ್ತಿದಾರೆ."

ಇನ್ನೇನು ಬೇಕು? ತಿಳಿಯಾದ ತಲೆಯಿಂದ ಒಂದು ಮಾತು, 'ನಾನು ನೂಕಿಲ್ಲ' ಎಂದು. ಅಷ್ಟಾದರೆ ಸರ್ಕಲ್ ಸಾಹೇಬರ ಮುಖಕ್ಕೆ ಫೈಲು ಹಿಡಿಯಬಹುದು, ಕೊಪ್ಪಲಿನ ಜನರ ಬಾಯಿ ಹೊಲಿಯಬಹುದು, ಚಲುವರಾಜು ಸಿರಪ್ಪು ಕುಡಿದುಕೊಂಡು ಇನ್ನಷ್ಟು ದಿನ ಬದುಕಬಹುದು. ಹುಳಿಯ ಲೆಕ್ಕವನ್ನು ಆಮೇಲೆ ನೋಡಿಕೊಂಡರಾಯಿತು. ಪ್ರಮೀಳಾ ಜವರಪ್ಪನನ್ನು ಬೈದು ಬೈದು ಜೀಪು ಓಡಿಸಿದಳು.

ಸಂಜೆಯ ಬಿಸಿಲು ವಾರ್ಡಿನ ಕಿಟಕಿಯಲ್ಲಿತ್ತು. ಚಲುವರಾಜು ದಿಂಬಿಗೆ ಒರಗಿ ಕೂತಿದ್ದ. ಕಣ್ಣಿನ ಹಳದಿ ಹಾಗೇ ಇತ್ತು, ಹೊಟ್ಟೆ ಹಾಗೇ ಇತ್ತು. ಆದರೆ ಈ ಸಲ ಆ ಕಣ್ಣುಗಳು ಅವಳನ್ನು ನೋಡುತ್ತಿದ್ದವು. ಭುಜದ ಮೇಲಿನ ನಕ್ಷತ್ರ ನೋಡಿ, ಮುಖ ನೋಡಿ, ಸೆಟೆದು ಕೂರಲು ಪ್ರಯತ್ನಪಟ್ಟ. ಬಾಗಿಲ ಪಕ್ಕದ ಮೇಜಿನ ಬಳಿ ಮಾಯಮ್ಮ ಬೆನ್ನು ತಿರುಗಿಸಿ ನಿಂತು, ಗಂಡನಿಗೆ ಕುಡಿಯಲು ಏನೋ ಕಲಸುತ್ತಿದ್ದಳು.

"ಇವತ್ತು ಯಾವ ವಾರ ಚಲುವರಾಜಣ್ಣ?"

"ಗುರುವಾರ. ಡೈರೀಲಿ ಬಟವಾಡೆ ದಿನ."

ಸರಿಯಾಗಿತ್ತು.

"ಗೋವಿಂದನಹಳ್ಳಿ ಗುಡಿ ಕಟ್ದೋರು ಯಾರು?"

"ಹೊಯ್ಸಳ್ರ ಕಾಲದ್ದು ಅಂತಾರೆ."

"ಕನ್ನಂಬಾಡಿ ಕಟ್ಟೆ?"

"ಮಾರಾಜ್ರು ಕಟ್ಸಿದ್ದು. ಯಾಕ್ ಮೇಡಂ, ನಿಮ್ಗೆ ಗೊತ್ತಿಲ್ವಾ?" ಅಂದ ಚಲುವರಾಜು, ನಿಜವಾದ ಆಶ್ಚರ್ಯದಿಂದ.

ಪ್ರಮೀಳಾಗೆ ಆ ದಿನ ಮೊದಲ ಸಲ ನಗು ಬಂತು. ಜವರಪ್ಪನ ಕಡೆ ತಿರುಗಿ ಅವನಿಗೆ ಚೆನ್ನಾಗಿ ಕಾಣುವ ಹಾಗೆ ನಕ್ಕಳು. "ಸರಿ. ಈಗ ಹೇಳಿ. ನಾಗರಾಜನ್ನ ನಾಲೆಗೆ ನೂಕ್ದೋರು ಯಾರು? ನಿಧಾನವಾಗಿ ಯೋಚ್ನೆ ಮಾಡಿ ಹೇಳಿ. ಯಾರೋ ಹೇಳ್ಕೊಟ್ಟಿದ್ದು ಬ್ಯಾಡ."

ಚಲುವರಾಜು ಯೋಚನೆ ಮಾಡಲಿಲ್ಲ. ಯಾರೂ ಕೇಳದಿದ್ದರೂ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ, ಬಸ್ಸು ನಿಲ್ಲಿಸುವವನ ಹಾಗೆ ಅಂಗೈ ಎತ್ತಿ. ಪ್ರಮೀಳಾ ಕಾದಳು. ಬೆರಳು ಅಲುಗಲಿಲ್ಲ. ಅಂಗೈ ಬೀಳಲಿಲ್ಲ.

"ನೋಡ್ಕಳಿ ಮೇಡಂ, ಕೈ ನೆಟ್ಗವೆ. ತಲೇನೂ ನೆಟ್ಗದೆ. ನೂಕ್ದೋನು ನಾನೇಯ. ನಮ್ ಶಂಕ್ರನ್ ಮನೆಗ್ ಓಗಿದ್ರಂತೆ, ಅವ್ನ್ನ ಬುಟ್ಬುಡಿ. ಮನೇಲಿ ಇನ್ಯಾರ್ನೂ ಏನೂ ಕೇಳ್ಬ್ಯಾಡಿ."

ಕೊನೆಯ ಮಾತು ಹೇಳುವಾಗ ಅವನ ಕಣ್ಣು ಪ್ರಮೀಳಾಳ ಮೇಲಿರಲಿಲ್ಲ. ಅವಳ ಭುಜ ದಾಟಿ, ಮೇಜಿನ ಕಡೆಗೆ ಹೋಗಿತ್ತು.

ಪ್ರಮೀಳಾ ತಿರುಗಿದಳು.

ಮಾಯಮ್ಮ ಈ ಕಡೆ ತಿರುಗಿ ನಿಂತಿದ್ದಳು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಅರ್ಧ ಹಿಂಡಿದ ನಿಂಬೆಹಣ್ಣು. ಐನೂರು ಜನಕ್ಕೆ ಪಾಕ ಹಿಡಿದರೂ ಒಂದು ಹರಳು ಕಟ್ಟಗೊಡದ ಕೈ ಅದು. ಇಷ್ಟು ದಿನ ಮಾತಿಗೊಮ್ಮೆ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದ ಆ ಕಣ್ಣು ಒಣಗಿತ್ತು, ಅದರಲ್ಲಿ ಒಂದು ಹನಿ ನೀರಿರಲಿಲ್ಲ. ಅವಳು ಪ್ರಮೀಳಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಜವರಪ್ಪನನ್ನು ಪ್ರಮೀಳಾ ನೋಡುತ್ತಿದ್ದುದು ಥೇಟ್ ಹಾಗೆಯೇ.

"ಇವ್ರ್ಗೆ ಬುದ್ಧಿ ಬರ್ಸಿ ಅಂತ," ಅಂದಳು ಮಾಯಮ್ಮ, ಉಳಿದ ಹುಳಿಯನ್ನು ಲೋಟಕ್ಕೆ ಹಿಂಡುತ್ತ, "ನಿಮ್ಗೆ ಯೋಳುದ್ದು ಯಾರವ್ವ?"